ಹಿಂದಿನ ಗ್ಲಾಸಿಗೆ ಕೂಲಿಂಗ್ ಪೇಪರ್ ಹಾಕಿಸ್ಲಾ, ಬ್ಯಾಡ್ವಾ

ಗಾಡಿ ಮನೆಗೆ ಬಂದು ಎರಡು ತಿಂಗಳಾದ್ರೂ ಈ ಒಂದು ವಿಷಯ ಮಾತ್ರ ಬಗೆಹರಿದಿರ್ಲಿಲ್ಲ. ಮಹೀಂದ್ರಾ ಥಾರ್, ಮೂರು ಬಾಗಿಲಿಂದು, ಹಾರ್ಡ್‌ಟಾಪ್, 2021ರ ಮಾಡೆಲ್, ಸೆಕೆಂಡ್ ಹ್ಯಾಂಡು. ಮೊದಲಿನ ಓನರ್ ಹಿಂದಿನ ಮೂರೂ ಗ್ಲಾಸಿಗೆ ಕಪ್ಪು ಪೇಪರ್ ಹಾಕಿಸಿದ್ರಂತೆ, ಮಾರೋ ಹೊತ್ತಿಗೆ ಕಿತ್ತು ಕೊಟ್ಟಿದ್ರು, ಆದ್ರೆ ಅಂಚಲ್ಲಿ ಗಮ್ಮು ಹಂಗೇ ಉಳಿದಿತ್ತು, ನಮ್ಮೂರಿನ ಕೆಂಪು ಧೂಳು ಹೋಗಿ ಅದಕ್ಕೆ ಮೆತ್ತಿಕೊಂಡು ಗ್ಲಾಸಿನ ಸುತ್ತಾ ಕುಂಕುಮದ ಗೆರೆ ಎಳೆದಂಗೆ ಕಾಣ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದೆ, ಶಾಂಪೂ ಹಾಕಿ ತಿಕ್ಕಿದೆ, ಕೊನೆಗೆ ಹಳೇ ಎಟಿಎಂ ಕಾರ್ಡ್ ತಗೊಂಡು ಕೆರೆದೆ. ಕೆರೀತಾ ಕೆರೀತಾನೇ ಅನ್ನಿಸಿದ್ದು, ಇಷ್ಟು ಕಷ್ಟಪಟ್ಟು ತೆಗೆದು ಮತ್ತೆ ಅದನ್ನೇ ಹಾಕಿಸೋದಾ ಅಂತ. ಆದ್ರೂ ಆಸೆ ಹೋಗ್ಲಿಲ್ಲ.

ಬಳ್ಳಾರಿಲಿ ಇರೋದು ಎರಡೇ ಕಾಲ, ಬ್ಯಾಸಗಿ ಮತ್ತೆ ಕಡು ಬ್ಯಾಸಗಿ ಅಂತ ಹೊರಗಿನೋರು ನಗ್ತಾರೆ, ನಾವೂ ಜೊತೆಗೆ ನಗ್ತೀವಿ, ಮತ್ತೇನ್ ಮಾಡೋದು. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟೋದು ಇಲ್ಲಿ ಸುದ್ದಿನೇ ಅಲ್ಲ. ಈ ಗಾಡಿಲಿ ಹಿಂದೆ ಕೂತೋರ ಪಾಡು ಏನಂದ್ರೆ, ಪಕ್ಕದ ಎರಡು ಗ್ಲಾಸು ಇಳಿಯಲ್ಲ, ಫಿಕ್ಸು. ಹಿಂದೆ ಎಸಿ ಗಾಳಿ ಬರೋ ಕಿಂಡಿನೂ ಇಲ್ಲ. ಮುಂದಿನ ಗಾಳಿ ಸೀಟು ಹಾರಿ ಹಿಂದೆ ಬರೋ ಹೊತ್ತಿಗೆ ಕುಡುತಿನಿ ದಾಟಿರುತ್ತೆ. ಹಿಂದೆ ಕೂರೋದು ನನ್ನ ಹೆಂಡ್ತಿ, ಆರು ವರ್ಷದ ಮಗಳು, ಮತ್ತೆ ಹೆಂಡ್ತಿ ತೊಡೆ ಮೇಲೆ ಏಳು ತಿಂಗಳ ಮಗ. ಅವ್ವಗೆ ಮೊಣಕಾಲು ನೋವು, ಮುಂದಿನ ಸೀಟು ಮಡಚಿ ಹಿಂದೆ ಹತ್ತೋದು ಆಗಲ್ಲ, ಹಂಗಾಗಿ ಅವರು ಮುಂದೆ, ಎಸಿ ಪೂರ್ತಿ ಅವರ ಮುಖಕ್ಕೇ, ಅವರು ಅದನ್ನ ಬಂದ್ ಮಾಡು ಥಂಡಿ ಆಗ್ತೈತೆ ಅಂತಾರೆ, ಹಿಂದಿನಿಂದ ಹೆಂಡ್ತಿ ಉಸಿರು ಬಿಡೋ ಸೌಂಡು ನನಗೆ ಕೇಳುತ್ತೆ.

ಅಂದ್ರೆ ಕಾರಣ ಗಟ್ಟಿ ಇತ್ತು. ಬಿಸಿಲು. ಯಾರ್ ಕೇಳಿದ್ರೂ ಅದನ್ನೇ ಹೇಳ್ತಿದ್ದೆ.

ಅಂಗಡಿಗೆ ಹೋದೆ. ಕಾರ್ ಡೆಕೋರ್ ಅಂಗಡಿ ಹುಡುಗ ನನ್ನ ಗಾಡಿ ನೋಡಿದ್ದೇ ತಡ, "ಅಣ್ಣ, ಥಾರಿಗೆ ಹಿಂದ್ಗಡೆ ಫುಲ್ ಬ್ಲಾಕ್ ಹಾಕಿದ್ರೇನೇ ಲುಕ್ಕು, ಸ್ಟೆಪ್ನಿ ಜೊತೆ ಸಖತ್ ಮ್ಯಾಚ್ ಆಗುತ್ತೆ" ಅಂದ. ನಾನು ಬಿಸಿಲಿಗೆ ಅಂದೆ. ಅವನು ಹೂಂ ಬಿಸಿಲಿಗೂ ಆಗುತ್ತೆ ಅಂದ. 'ಬಿಸಿಲಿಗೂ' ಅಂತ ಆ 'ಊ' ಸೇರಿಸಿದ್ದು ನನಗೆ ಆಮೇಲೆ ರಾತ್ರಿ ಮಲಗಿದಾಗ ನೆನಪಾಯ್ತು. ಕಪ್ಪು ಮಾಡಿದ್ರೆ ತಂಪು ಅಂತ ನಾವೆಲ್ಲಾ ನಂಬಿದೀವಿ, ಹೆಸರೇ ಕೂಲಿಂಗ್ ಪೇಪರ್ ಅಲ್ವಾ. ಆದ್ರೆ ಬಿಸಿಲಲ್ಲಿ ಬರೋ ಶಾಖದಲ್ಲಿ ಹೆಚ್ಚುಕಮ್ಮಿ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡು. ಕಣ್ಣಿಗೆ ಕಾಣೋ ಬೆಳಕನ್ನ ಎಷ್ಟು ಕತ್ತಲು ಮಾಡಿದ್ರೂ ಆ ಅರ್ಧದಲ್ಲಿ ಬಹಳಷ್ಟು ಗಾಜು ದಾಟಿ ಒಳಗೆ ಬರುತ್ತೆ. ಬರೀ ಬಣ್ಣ ಹಾಕಿದ ಅಗ್ಗದ ಪೇಪರ್ ಆದ್ರೆ ಬೆಳಕನ್ನ ತಾನೇ ಕುಡಿದು ಬಿಸಿಯಾಗಿ, ಆ ಬಿಸಿ ಸ್ವಲ್ಪ ಹೊರಗೆ ಸ್ವಲ್ಪ ಒಳಗೆ ಬಿಡುತ್ತೆ, ಎರಡು ಬ್ಯಾಸಗಿ ಕಳೆಯೋ ಹೊತ್ತಿಗೆ ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆ ಏಳುತ್ತೆ, ಹಳೇ ಆಮ್ನಿಗಳಲ್ಲಿ ನೋಡಿರ್ತೀರ. ಸೆರಾಮಿಕ್ ಫಿಲ್ಮ್ ಅಂತ ಬರೋದು ಬೇರೆ, ಅದರಲ್ಲಿ ತಿಳಿ ಬಣ್ಣದ್ದು ನೋಡೋಕೆ ಹೆಚ್ಚುಕಮ್ಮಿ ತಿಳಿ ಗಾಜಿನ ಥರಾನೇ ಇರುತ್ತೆ, ಆದ್ರೆ ಇನ್‌ಫ್ರಾರೆಡ್ ಚೆನ್ನಾಗಿ ತಡೆಯುತ್ತೆ, ಯುವಿ ಕಿರಣ ಅಂತೂ ಹತ್ರಹತ್ರ ಪೂರ್ತಿ. ರೇಟು ಮೂರು ಪಟ್ಟು, ಮತ್ತೆ ಹಾಕಿಸಿದ್ದು ಯಾರಿಗೂ ಕಾಣಲ್ಲ. ಈ ಕೊನೇ ಮಾತು ಹೇಳುವಾಗ ಅಂಗಡಿ ಹುಡುಗನ ಮುಖ ಸಪ್ಪಗಾಯ್ತು. ನಿಜ ಹೇಳ್ಬೇಕಂದ್ರೆ ನಂದೂ.

ಇನ್ನು ಕಾನೂನು. ಯೂಟ್ಯೂಬಲ್ಲಿ ಅಮೆರಿಕದೋರ ವಿಡಿಯೋ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು, ಅಲ್ಲಿ ಸುಮಾರು ರಾಜ್ಯಗಳಲ್ಲಿ ಎಸ್‌ಯುವಿ ಆದ್ರೆ ಡ್ರೈವರ್ ಹಿಂದಿನ ಗ್ಲಾಸು ಎಷ್ಟು ಕಪ್ಪಿದ್ರೂ ನಡಿಯುತ್ತೆ, ಕಂಪನಿಯೋರೇ ಪ್ರೈವೆಸಿ ಗ್ಲಾಸ್ ಅಂತ ಹಾಕಿ ಕೊಡ್ತಾರೆ. ನಮ್ಮಲ್ಲಿ ಹಂಗಿಲ್ಲ. ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಲ್ಲಿ ಕಮ್ಮಿ ಅಂದ್ರೂ 70 ಪರ್ಸೆಂಟ್ ಬೆಳಕು ದಾಟಬೇಕು, ಪಕ್ಕದ ಗಾಜಲ್ಲಿ 50. 2012ರ ಏಪ್ರಿಲ್ 27ಕ್ಕೆ ಸುಪ್ರೀಂ ಕೋರ್ಟ್, ಅವಿಷೇಕ್ ಗೋಯೆಂಕಾ ಅನ್ನೋರು ಹಾಕಿದ ಅರ್ಜಿ ಮೇಲೆ, ಗಾಜಿಗೆ ಕಪ್ಪು ಫಿಲ್ಮ್ ಅಂಟಿಸೋದನ್ನೇ ನಿಲ್ಲಿಸ್ತು, ಎಷ್ಟು ಪರ್ಸೆಂಟ್ ಆದ್ರೂ ಸರಿ. ಮೇ 4ರಿಂದ ಜಾರಿ. ಜೆಡ್, ಜೆಡ್ ಪ್ಲಸ್ ಭದ್ರತೆ ಇರೋರಿಗೆ ಮಾತ್ರ ವಿನಾಯಿತಿಗೆ ಜಾಗ ಬಿಟ್ಟಿದ್ರು. ಆಮೇಲೆ 2021ರ ಏಪ್ರಿಲ್‌ನಿಂದ ನಿಯಮ ತಿದ್ದುಪಡಿ ಆಗಿ ಪ್ಲಾಸ್ಟಿಕ್ ಪದರ ಇರೋ ಸೇಫ್ಟಿ ಗ್ಲೇಜಿಂಗ್‌ಗೂ ಅವಕಾಶ ಬಂತು, ಅದನ್ನ ಹಿಡಕೊಂಡು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟು 70-50ರ ಲೆಕ್ಕದೊಳಗಿದ್ರೆ ಫಿಲ್ಮಿಗೆ ದಂಡ ಹಾಕೋಹಂಗಿಲ್ಲ ಅಂತು. ಅದು ಕೇರಳದ್ದು, ಇಲ್ಲಿ ರಾಯಲ್ ಸರ್ಕಲ್‌ನಲ್ಲಿ ಗಾಡಿ ಅಡ್ಡಹಾಕಿದ ಪೊಲೀಸ್ರ ಮುಂದೆ ಕೇರಳದ ತೀರ್ಪು ಓದ್ತಾ ನಿಲ್ಲೋ ಧೈರ್ಯ ನನಗಿಲ್ಲ, ಆದ್ರೂ ಅಳತೆಯೊಳಗಿದ್ರೆ ಮಾತಾಡೋಕಾದ್ರೂ ಒಂದು ದಾರಿ.

ಆದ್ರೆ ಜನ ಎಡವೋದು ಎಲ್ಲಿ ಅಂದ್ರೆ ಲೆಕ್ಕದಲ್ಲಿ. 50 ಅಂತ ಬರೆದಿರೋ ಫಿಲ್ಮ್ ಅಂಟಿಸಿ 50 ಆಯ್ತು ಅನ್ಕೊಂತಾರೆ. ಗಾಜೇನು ಪೂರ್ತಿ ತಿಳಿ ಇರಲ್ಲ, ಕಂಪನಿ ಗಾಜಲ್ಲೇ ಸ್ವಲ್ಪ ಹಸಿರು ಛಾಯೆ ಇರುತ್ತೆ. ಅಂಗಡಿಲಿ ಬೆಳಕು ಅಳೆಯೋ ಮೀಟರ್ ಇಟ್ಟು ನೋಡಿದ್ರೆ ನಂದು 76 ತೋರಿಸ್ತು. ಅದರ ಮೇಲೆ 50ರ ಫಿಲ್ಮ್ ಹಾಕಿದ್ರೆ ಎರಡನ್ನೂ ಗುಣಿಸ್ಬೇಕು, 38 ಆಗುತ್ತೆ, ಫೇಲು. 70ರ ಫಿಲ್ಮ್ ಹಾಕಿದ್ರೆ 53, ಜಸ್ಟ್ ಪಾಸು. ಹಿಂದಿನ ಡಿಕ್ಕಿ ಬಾಗಿಲಿನ ಗಾಜಿಗೆ ಬೇಕಾಗಿರೋದೇ 70, ಅದಕ್ಕೆ 90ರ ತೆಳ್ಳನೆ ಫಿಲ್ಮ್ ಹಾಕಿದ್ರೂ 68ಕ್ಕೆ ಇಳಿಯುತ್ತೆ. ಅಂದ್ರೆ ಹಿಂದಿನ ಗಾಜಿಗೆ ಏನೂ ಹಾಕೋಕೆ ಬರಲ್ಲ, ಮುಗೀತು. ಇಷ್ಟು ಸಣ್ಣ ಗುಣಾಕಾರ ನಾನು ಎರಡು ತಿಂಗಳು ಮಾಡಿರ್ಲಿಲ್ಲ. ಅಂಗಡಿ ಹುಡುಗ "ಅಣ್ಣ ಇಷ್ಟೆಲ್ಲಾ ಯಾರ್ ನೋಡ್ತಾರೆ, ಬಳ್ಳಾರಿಲಿ ಹಾಕಿಲ್ವಾ ಜನ" ಅಂದ. ಹಾಕಿದಾರೆ. ಅದೇ ಕಷ್ಟ.

ಬಳ್ಳಾರಿಲಿ ಬೆಳೆದೋರಿಗೆ ಕಪ್ಪು ಗ್ಲಾಸು ಅಂದ್ರೆ ಬಿಸಿಲಿನ ವಿಷಯ ಅಲ್ಲ, ಇದನ್ನ ಹೊರಗಿನೋರಿಗೆ ಹೇಳಿ ಅರ್ಥ ಮಾಡ್ಸೋದು ಕಷ್ಟ. ಅಪ್ಪ ತೋರಣಗಲ್ಲು ರೋಡಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ರು. 2007, 2008, ನಾನಾಗ ಹೈಸ್ಕೂಲು. ಬೀಜಿಂಗ್ ಒಲಿಂಪಿಕ್ಸ್ ಟೈಮು, ಚೀನಾದೋರಿಗೆ ಎಷ್ಟು ಕಬ್ಬಿಣದ ಅದಿರು ಕೊಟ್ರೂ ಸಾಲ್ತಿರ್ಲಿಲ್ಲ, ರಾತ್ರಿ ಹಗಲು ಲಾರಿ, ರೋಡಿನ ಪಕ್ಕದ ಬೇವಿನ ಗಿಡದ ಎಲೆನೂ ಕೆಂಪು, ಅವ್ವ ಒಗೆದು ಹಾಕಿದ ಬಿಳೇ ಪಂಚೆನೂ ಕೆಂಪು, ಉಗುಳಿದ್ರೂ ಕೆಂಪು. ಆ ಲಾರಿ ಸಾಲಿನ ಮಧ್ಯೆ ಹಾರ್ನ್ ಹೊಡ್ಕೊಂಡು ಬರ್ತಿದ್ವು ನೋಡಿ, ಗಣಿಯೋರ ದೊಡ್ಡ ಗಾಡಿಗಳು, ಸುತ್ತಾ ಕಪ್ಪು ಗ್ಲಾಸು. ಗಾಳಿ ಹೊಡ್ಸೋಕೆ ನಮ್ಮ ಅಂಗಡಿ ಮುಂದೆ ನಿಲ್ಲಿಸೋರು. ಅಪ್ಪ ಗಾಳಿ ನೋಡೋರು, ನಾನು ಹಸಿ ಬಟ್ಟೆ ತಗೊಂಡು ಗ್ಲಾಸ್ ಒರಸೋದು, ಯಾರೂ ಹೇಳದಿದ್ರೂ. ಒರೆಸಿದಾಗ ಒಳಗೆ ಯಾರಿದಾರೆ ಅಂತ ಕಾಣ್ತಿರ್ಲಿಲ್ಲ, ನನ್ನ ಮುಖನೇ ಕಾಣ್ತಿತ್ತು, ಕೆಂಪು ಧೂಳು ಹತ್ತಿದ ಮುಖ. ಆಮೇಲೆ ಗ್ಲಾಸು ಎರಡು ಬೆರಳಷ್ಟು ಇಳಿಯೋದು, ಒಳಗಿಂದ ತಣ್ಣನೆ ಗಾಳಿ ಬಂದು ಮೂಗಿಗೆ ತಾಗೋದು, ಅತ್ತರಿನ ವಾಸನೆ, ಒಂದು ಕೈ ನೂರರ ನೋಟು ಹಿಡಿದು ಹೊರಗೆ ಬರೋದು. ಚಿಲ್ಲರೆ ಕೇಳೋ ಮೊದಲೇ ಗ್ಲಾಸು ಮೇಲೆ. ಇವತ್ತಿಗೂ ಆ ತಣ್ಣನೆ ಗಾಳಿ ನನಗೆ ನೆನಪೈತೆ, ಮುಖಗಳು ಒಂದೂ ನೆನಪಿಲ್ಲ, ನೋಡಿದ್ರೆ ತಾನೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು. ಮುಂದಿನ ಮೇ ಹೊತ್ತಿಗೆ ಕಪ್ಪು ಪೇಪರ್‌ನೂ ಕೋರ್ಟೇ ಕಿತ್ತು ಹಾಕಿಸ್ತು. ಎರಡಕ್ಕೂ ಸಂಬಂಧ ಇಲ್ಲ, ಬೇರೆ ಬೇರೆ ಕೇಸು, ಆದ್ರೆ ನಮ್ಮ ರೋಡಲ್ಲಿ ನಿಂತು ನೋಡಿದೋರಿಗೆ ಒಂದೇ ವರ್ಷದೊಳಗೆ ಲಾರಿನೂ ಹೋದ್ವು ಗ್ಲಾಸೂ ಬಿಳಿ ಆಯ್ತು. ಅಪ್ಪನ ಅಂಗಡಿನೂ ಹೋಯ್ತು, ಅದು ಬೇರೆ ಕಥೆ.

ಈಗ ಅಪ್ಪಗೆ ಹೇಳ್ದೆ, ಹಿಂಗೆ ಪೇಪರ್ ಹಾಕಿಸ್ಬೇಕು ಅಂತಿದೀನಿ ಅಂತ. ಅವರು ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಿದ್ರು. ಸುಮ್ನೆ ಇದ್ದು ಆಮೇಲೆ ಅಂದ್ರು, "ಒಳಗೆ ಯಾರ್ ಅದಾರೋ ಕಾಣ್ತಿರ್ಲಿಲ್ಲಲೇ ಆಗ. ಸಾಹುಕಾರ್ರೋ, ಬರೀ ಡ್ರೈವರೋ, ಯಾರಿಗ್ ಗೊತ್ತು. ಅದಕ್ಕೆ ನಾನು ಗಾಡಿಗೇ ನಮಸ್ಕಾರ ಮಾಡಿಬಿಡ್ತಿದ್ದೆ." ಅಂದು ತಾವೇ ನಕ್ಕರು. ನನಗೆ ನಗು ಬರ್ಲಿಲ್ಲ. ಯಾಕಂದ್ರೆ ಆ ಹೊತ್ತಿಗೆ ನನ್ನ ಮೊಬೈಲಲ್ಲಿ ಹಿಂದೆ ಪೂರ್ತಿ ಕಪ್ಪು ಮಾಡಿಸಿದ ಥಾರ್‌ಗಳ ಫೋಟೋ ಕಮ್ಮಿ ಅಂದ್ರೂ ಮೂವತ್ತು ಸೇವ್ ಆಗಿದ್ವು, ಬಿಸಿಲಿಗಂತೆ ಬಿಸಿಲಿಗೆ.

ಹಂಗಂತ ಅಪ್ಪನ ಒಂದು ಮಾತಿಗೆ ಮನಸ್ಸು ಬದಲಾಯ್ಸಿದೆ ಅಂದ್ರೆ ಸುಳ್ಳಾಗುತ್ತೆ. ಬದಲಾಯ್ಸಿದ್ದು ಸಿರುಗುಪ್ಪದ ಕಾಲುವೆ. ಮಾವನ ಮಗ ಅಲ್ಲಿ ಭತ್ತ ಬೆಳೀತಾನೆ, ಅವನ ಬೊಲೆರೋಗೆ ಒಳ್ಳೆ ಕಡುಗಪ್ಪು ಪೇಪರ್ ಐತೆ, ಅದು ಹೆಂಗಿರುತ್ತೆ ನೋಡೇಬಿಡೋಣ ಅಂತ ಒಂದಿನ ಸಂಜೆ ಹೊಲಕ್ಕೆ ಹೋಗುವಾಗ ನಾನೇ ಓಡಿಸ್ತೀನಿ ಅಂದೆ. ಹೋಗುವಾಗ ಬೆಳಕಿತ್ತು, ಮಜಾ ಇತ್ತು, ಒಳಗೆ ಸಿನಿಮಾ ಥಿಯೇಟರ್ ಥರ. ಬರುವಾಗ ಕತ್ತಲಾಗಿತ್ತು, ಕಾಲುವೆ ಏರಿ ಮೇಲೆ ಗಾಡಿ ತಿರುಗಿಸೋಕೆ ಜಾಗ ಇಲ್ಲ, ಒಂದು ಇನ್ನೂರು ಅಡಿ ರಿವರ್ಸೇ ಬರ್ಬೇಕು. ಕನ್ನಡಿ ನೋಡಿದ್ರೆ ಕಪ್ಪು, ಹಿಂದೆ ತಿರುಗಿ ನೋಡಿದ್ರೆ ಕಪ್ಪು, ರಿವರ್ಸ್ ಲೈಟು ಆ ಪೇಪರ್ ದಾಟಿ ಒಳಗೆ ಬರೋ ಹೊತ್ತಿಗೆ ದೀಪದ ಕುಡಿಯಷ್ಟು. ಒಂದು ಕಡೆ ಹೊಲ, ಇನ್ನೊಂದು ಕಡೆ ತುಂಬಿ ಹರಿಯೋ ನೀರು. ಕೊನೆಗೆ ಅವನು ಇಳಿದು ಮೊಬೈಲ್ ಟಾರ್ಚ್ ಹಿಡಕೊಂಡು ಹಿಂದೆ ಹಿಂದೆ ನಡೀತಾ "ಬಾ, ಬಾ, ಎಡಕ್ಕೆ, ಲೇ ಎಡಕ್ಕಂದ್ರೆ ನಿನ್ ಎಡಕ್ಕೆ!" ಅಂತ ಕೂಗಿದ, ನಾನು ಬಾಗಿಲು ತೆಗೆದು ಅರ್ಧ ಮೈ ಹೊರಗೆ ಹಾಕಿ ಬಂದೆ. ದಿನಾ ಹೆಂಗೆ ಬರ್ತೀಯೋ ಅಂದ್ರೆ, ದಿನಾ ಜೊತೆಗೊಬ್ಬನ್ನ ಕರ್ಕೊಂಡು ಬರ್ತೀನಿ ಅಂದ.

ನನ್ನ ಗಾಡಿ ಇದಕ್ಕಿಂತ ಕಷ್ಟ. ಹಿಂದಿನ ಗಾಜು ಸಣ್ಣದು, ಅದರಲ್ಲಿ ಅರ್ಧ ಸ್ಟೆಪ್ನಿ ಮುಚ್ಚಿರುತ್ತೆ, ವೈಪರ್ ಇಲ್ಲ, ರಿವರ್ಸ್ ಕ್ಯಾಮರಾ ಇಲ್ಲ, ಪೀಂ ಪೀಂ ಅನ್ನೋ ಸೆನ್ಸರ್ ಅಷ್ಟೇ, ಅದು ಗೋಡೆಗೆ ಕೂಗುತ್ತೆ, ಗುಂಡಿಗೆ ಕೂಗಲ್ಲ. ಸಂಡೂರು ಕಡೆ ಮಣ್ಣು ದಾರಿಲಿ ಅರ್ಧ ಗಂಟೆ ಓಡಿಸಿದ್ರೆ ಹಿಂದಿನ ಗಾಜಿಗೆ ಧೂಳೇ ಪೇಪರ್ ಹಾಕಿಬಿಡುತ್ತೆ, ಪುಕ್ಕಟೆ. ಫೋರ್ ಲೋ, ಅಂದ್ರೆ ನಾಲ್ಕೂ ಚಕ್ರ ಎಳೆಯೋ ನಿಧಾನದ ಗೇರು, ಹಾಕಿ ಏರು ಹತ್ತೋಕೆ ಆಗದೆ ಹಿಂದಕ್ಕೆ ಇಳಿಸೋ ಟೈಮಲ್ಲಿ ಪಕ್ಕದ ಗ್ಲಾಸಿಂದ ಹಿಂದಿನ ಚಕ್ರ ಎಲ್ಲಿ ಕಲ್ಲಿನ ಮೇಲೈತೆ ಅನ್ನೋ ಅಂದಾಜು ಬೇಕಾಗುತ್ತೆ. ಆಫ್‌ರೋಡ್ ಗಾಡಿ ತಗೊಂಡು ಅದರ ಕಣ್ಣಿಗೆ ಬಟ್ಟೆ ಕಟ್ಟಿದಂಗೆ.

ಕಪ್ಪು ಬ್ಯಾಡ ಅಂತ ಆಯ್ತು. ತಿಳಿ ಫಿಲ್ಮ್ ಹಾಕಿಸೋದಾ ಅನ್ನೋದು ಉಳೀತು. ಫ್ಯಾಕ್ಟರಿಲಿ ಕೆಲಸ ಮಾಡೋ ಗೆಳೆಯ ಒಬ್ಬ ಟೆಂಪರೇಚರ್ ಗನ್ ತಂದುಕೊಟ್ಟ, ಮಧ್ಯಾಹ್ನ ಎರಡಕ್ಕೆ ಕೋಟೆ ಗುಡ್ಡದ ಬುಡದಲ್ಲಿ ಬಿಸಿಲಿಗೆ ಒಂದು ತಾಸು ನಿಲ್ಲಿಸಿ ಒಳಗೆ ಗುರಿ ಇಟ್ಟು ನೋಡಿದ್ವಿ. ಡ್ಯಾಶ್‌ಬೋರ್ಡು 71. ತಲೆ ಮೇಲಿನ ಟಾಪಿನ ಒಳಮೈ 60. ಹಿಂದಿನ ಸೀಟು, ಬಿಸಿಲು ಬಿದ್ದ ಕಡೆ 57, ನೆರಳಿನ ಕಡೆ 46. ಅಂದ್ರೆ ನಾನು ಎರಡು ತಿಂಗಳು ತಲೆಕೆಡಿಸ್ಕೊಂಡಿದ್ದು ಹಿಂದಿನ ಗ್ಲಾಸಿಗೆ, ಬೇಯಿಸ್ತಿದ್ದಿದ್ದು ಮುಂದಿನ ದೊಡ್ಡ ಗಾಜು ಮತ್ತೆ ತಲೆ ಮೇಲಿನ ಟಾಪು. ಮುಂದೆ ಒಂದು ಬೆಳ್ಳಿ ಬಣ್ಣದ ಮಡಚೋ ಶೇಡು, ಇನ್ನೂರ ಐವತ್ತು ರೂಪಾಯಿದು, ನಿಲ್ಲಿಸಿದಾಗ ಇಡೋದು. ಟಾಪಿನ ಒಳಗೆ ಶಾಖ ತಡೆಯೋ ಫೋಮ್ ಶೀಟು ಅಂಟಿಸ್ದೆ. ಹಿಂದಿನ ಪಕ್ಕದ ಎರಡು ಗ್ಲಾಸಿಗೆ 70ರ ಸೆರಾಮಿಕ್, ನಾಲ್ಕೂವರೆ ಸಾವಿರ, ಮೀಟರಲ್ಲಿ 53 ಬಂತು, ಅಂಗಡಿಯೋರ ಬಿಲ್ಲು ಗ್ಲೋವ್ ಬಾಕ್ಸಲ್ಲಿ ಇಟ್ಕೊಂಡಿದೀನಿ. ಡಿಕ್ಕಿ ಗಾಜಿಗೆ ಏನೂ ಇಲ್ಲ. ಮುಂದಿನ ವಾರ ಅದೇ ಜಾಗ ಅದೇ ಹೊತ್ತು ಅಳೆದ್ರೆ ಹಿಂದಿನ ಸೀಟು 50. ಏಳು ಡಿಗ್ರಿ. ನಾನು ಗೆದ್ದವನಂಗೆ ಮನೆಗೆ ಬಂದು ಹೆಂಡ್ತಿಗೆ ತೋರಿಸ್ದೆ.

ಅವಳು ಒಳಗೆ ಕೂತು ಹೊರಗೆ ನೋಡಿ, ಹೊರಗೆ ನಿಂತು ಒಳಗೆ ನೋಡಿ, "ರೀ, ಎಲ್ಲಾ ಕಾಣಸ್ತೈತಲ್ರೀ" ಅಂದ್ಳು.

ಹೂಂ, ಅದೇ ಅಲ್ವಾ ಅದರ ವಿಶೇಷ, ಕಾಣುತ್ತೆ ಆದ್ರೆ ಶಾಖ ಬರಲ್ಲ ಅಂತ ನಾನು ಶುರು ಮಾಡಿದೆ, ಇನ್‌ಫ್ರಾರೆಡ್ಡು ಅದು ಇದು. ಅವಳು ಕೇಳಿಸ್ಕೊಂಡು ಆಮೇಲೆ ಹೇಳಿದ್ಳು, ಅವಳದು ಕುಷ್ಟಗಿ ಕಡೆ ಮಾತು, "ನಿಮ್ಗ ಬಿಸಲಿನ ಚಿಂತಿ. ನಾ ಇದರಾಗ ಕುಂತು ಕೂಸಿಗೆ ಹಾಲು ಕುಡಸ್ಬೇಕು. ಸಿಗ್ನಲ್ನ್ಯಾಗ ನಿಂತ್ರ ಬಾಜೂಕ ಬೈಕ್ನವ್ರು ಒಳಗ ಹಣಿಕಿ ನೋಡ್ತಾರ. ಕಪ್ಪು ಹಾಕಸ್ತೀರಿ ಅಂದಾಗ ಅದಕ್ಕ ಸುಮ್ಮನಿದ್ದೆ ನಾ."

ಎರಡು ತಿಂಗಳು. ಅಂಗಡಿ ಹುಡುಗನ್ನ ಕೇಳಿದೀನಿ, ಅಪ್ಪನ್ನ ಕೇಳಿದೀನಿ, ಮಾವನ ಮಗನ ಗಾಡಿ ಓಡಿಸಿದೀನಿ, ಟೆಂಪರೇಚರ್ ಗನ್ ತಂದಿದೀನಿ. ಆ ಗ್ಲಾಸಿನ ಪಕ್ಕ ದಿನಾ ಕೂರೋಳನ್ನ ಕೇಳಿರ್ಲಿಲ್ಲ. ನನಗೆ ಗೊತ್ತಿದ್ದ ಕಪ್ಪು ಗ್ಲಾಸು ನೂರರ ನೋಟಿಂದು, ಅವಳಿಗೆ ಬೇಕಾಗಿದ್ದ ಕಪ್ಪು ಗ್ಲಾಸು ಬೇರೇದು, ಮತ್ತೆ ನಿಜ ಹೇಳ್ತೀನಿ, ಅವಳ ಕಾರಣ ನಂದಕ್ಕಿಂತ ಚೊಲೋ ಇತ್ತು. ಹಂಗಂತ ಕಾನೂನು ಅವಳಿಗಾಗಿ ಬೇರೆ ಆಗಲ್ಲ, ಆ 38ರ ಲೆಕ್ಕ 38ರ ಲೆಕ್ಕನೇ. ಮೊದಲು ಕೇಳಿದ್ರೂ ಗಾಜಿಗೆ ಹಾಕಿಸ್ತಿದ್ದಿದ್ದು ಬಹುಶಃ ಇದನ್ನೇ. ಆದ್ರೆ ಗೆದ್ದವನಂಗೆ ಬರ್ತಿರ್ಲಿಲ್ಲ.

ಹೋದ ಭಾನುವಾರ ಸಂಡೂರಿಗೆ ಹೋಗಿದ್ವಿ, ಒಂದು ಮಳೆ ಬಿದ್ದು ಗುಡ್ಡ ಎಲ್ಲಾ ಚಿಗುರಿತ್ತು, ತಾರಾನಗರದ ಹತ್ರ ನಾರಿಹಳ್ಳ ಡ್ಯಾಮಿನ ಕಡೆ ತಿರುಗೋ ಮೊದಲು ಮಗ ಅಳೋಕೆ ಶುರು ಮಾಡ್ದ. ಹುಣಸೆ ಮರದ ಕೆಳಗೆ ನಿಲ್ಲಿಸ್ದೆ. ಹೆಂಡ್ತಿ ಬ್ಯಾಗಿಂದ ಅವಳ ಹಳೇ ಇಳಕಲ್ ಸೀರೆದು ಒಂದು ತುಂಡು ತೆಗೆದ್ಳು, ಅಂಚು ಹೊಲಿದು ರೆಡಿ ಮಾಡ್ಕೊಂಡಿದ್ಳು, ನನಗೆ ಗೊತ್ತೇ ಇಲ್ಲ. ಮಗಳು ಬಟ್ಟೆ ಒಣಹಾಕೋ ಕ್ಲಿಪ್ಪು ನಾಲ್ಕು ಜೇಬಿಂದ ತೆಗೆದು ಗ್ಲಾಸಿನ ಮೇಲಿನ ಬೀಡಿಂಗಿಗೆ ಸಿಗಿಸಿದ್ಳು, ಎರಡು ಕೆಂಪು, ಒಂದು ಹಸಿರು, ಒಂದು ಮುರಿದಿದ್ದು. ಅವ್ವ ಮುಂದೆ ಕೂತಲ್ಲಿಂದಲೇ ಎಸಿ ಹಿಂದೆ ತಿರುಗಿಸು ಅಂದ್ರು, ತಿರುಗಿಸೋಕೆ ಬರಲ್ಲವ್ವ ಅಂದೆ. ಇಳಿದು ಹೊರಗೆ ನಿಂತು ನೋಡ್ದೆ. ಗ್ಲಾಸಲ್ಲಿ ಸೀರೆಯ ಕೆಂಪು ಅಂಚು, ಅದರ ಮೇಲೆ ನನ್ನ ಮುಖ.

ಹತ್ತು ನಿಮಿಷ ಆದ್ಮೇಲೆ ಒಳಗಿಂದ ಮಗಳು ಗ್ಲಾಸ್ ಬಡಿದ್ಳು, ಮುಗೀತು ಬಾ ಅಂತ. ಕ್ಲಿಪ್ಪು ತೆಗೆದ್ವಿ, ಸೀರೆ ತುಂಡು ಮಡಚಿ ಸೀಟಿನ ಹಿಂದೆ ತುರುಕಿ ಡ್ಯಾಮಿನ ದಾರಿ ಹಿಡಿದ್ವಿ.